ಟ್ರಾಲಿಯ ಎರಡು ಟಯರು

ನಮ್ಮ ಮನೆಯ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಟ್ರಾಲಿಗೆ ಇರುವುದು ಎರಡೇ ಚಕ್ರ. ಕಲ್ಯಾಣಪುರದ ಸುತ್ತ, ಸಂತೆಕಟ್ಟೆಯಿಂದ ಕೆಮ್ಮಣ್ಣಿನವರೆಗೆ, ನೇಜಾರಿನಿಂದ ಹೂಡೆಯವರೆಗೆ ಅದು ಹೋಗದ ಅಂಗಳ ಕಡಿಮೆ. ಏಣಿಲು ಕೊಯ್ಲು ಮುಗಿದರೆ ಬೈಹುಲ್ಲು, ಆಮೇಲೆ ಹಟ್ಟಿಗೊಬ್ಬರ, ಬಿಸಿಲು ಏರಿದ ಮೇಲೆ ಮುರಕಲ್ಲು, ಜಲ್ಲಿ. ಓಡಿಸುವುದು ಅಣ್ಣ. ಫೋನು ಎತ್ತುವುದು, ಲೆಕ್ಕ ಬರೆಯುವುದು, ಬಾಕಿ ಕೇಳಲು ಹೋಗುವುದು ಉಳಿದವರ ಪಾಲು. ಹಾಗಾಗಿ ಇಲ್ಲಿ ನಾವು ಎಂದರೆ ಮನೆಮಂದಿ ಎಲ್ಲರೂ.

2025ರ ದೀಪಾವಳಿ ಮುಗಿದ ವಾರ, ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಂತಿದ್ದ ಟ್ರಾಲಿಯನ್ನು ಹೊರಗೆ ತೆಗೆದೆವು. ಒಂದು ಟಯರಿನ ಗಾಳಿ ಇಳಿದಿತ್ತು. ಅಣ್ಣ ಅದನ್ನು ಪಂಕ್ಚರ್ ಅಂಗಡಿಗೆ ಕೊಂಡುಹೋದರೆ ಅಲ್ಲಿನ ಹಿರಿಯರು ಟಯರನ್ನು ಒಂದು ಸುತ್ತು ತಿರುಗಿಸಿ ನೋಡಿ, ಪೈಪನ್ನು ವಾಪಸ್ ಗೂಟಕ್ಕೆ ಸಿಕ್ಕಿಸಿದರಂತೆ.

“ಇದಕ್ಕೆ ನಾನು ಗಾಳಿ ಹಾಕುವುದಿಲ್ಲ ಮಾರಾಯ.”

“ಗ್ರಿಪ್ ಉಂಟಲ್ಲ?”

“ಗ್ರಿಪ್ ಇದ್ದರೆ ಆಯಿತಾ? ಬದಿ ನೋಡು.”

ಮಾತು ನಡೆದದ್ದು ತುಳುವಿನಲ್ಲಿ, ನಾವು ಕನ್ನಡದಲ್ಲಿ ಬರೆದಿದ್ದೇವೆ. ಬದಿ ನೋಡಿದರೆ ಬೇಸಗೆಯ ಗದ್ದೆಯ ಹಾಗೆ ಸಣ್ಣ ಸಣ್ಣ ಬಿರುಕು. ನೆಲಕ್ಕೆ ತಾಗುವ ಭಾಗದಲ್ಲಿ ಮಾತ್ರ ಗ್ರಿಪ್ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಅಣ್ಣ ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮೂರಿನಲ್ಲಿ ಟಯರ್ ನೋಡುವುದೆಂದರೆ ಗ್ರಿಪ್ ನೋಡುವುದೇ. ಬೈಕಿಗೆ, ರಿಕ್ಷಾಕ್ಕೆ ಆ ಲೆಕ್ಕ ಬಹುಪಾಲು ಸರಿ. ಟ್ರಾಲಿಗೆ ಸರಿಯಲ್ಲ. ಯಾಕೆ ಎಂದು ತಿಳಿದುಕೊಳ್ಳಲು, ತಿಳಿದ ಮೇಲೆ ಎರಡು ಟಯರು ಕೊಳ್ಳಲು ನಮಗೆ ಸುಮಾರು ಹದಿನೈದು ದಿನ ಹಿಡಿಯಿತು.

ಟ್ರಾಲಿಯ ಟಯರು ಎಳೆಯುವುದಿಲ್ಲ, ತಿರುಗಿಸುವುದೂ ಇಲ್ಲ. ಎಳೆಯುವುದು ಟ್ರ್ಯಾಕ್ಟರಿನ ಹಿಂದಿನ ಚಕ್ರ, ತಿರುಗಿಸುವುದು ಮುಂದಿನದು. ಟ್ರಾಲಿಯದ್ದು ಹೊರುವ ಕೆಲಸ ಮಾತ್ರ. ಹಾಗಾಗಿ ಅದರ ಗ್ರಿಪ್ ಬೇಗ ಸವೆಯುವುದೇ ಇಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ನಿಂತಲ್ಲೇ ನಿಂತಿರುತ್ತದೆ, ಓಡಿದರೂ ದಿನಕ್ಕೆ ಹತ್ತಿಪ್ಪತ್ತು ಕಿಲೋಮೀಟರು. ಸವೆಯುವ ಮೊದಲೇ ಅದಕ್ಕೆ ವಯಸ್ಸಾಗುತ್ತದೆ. ಗಾಳಿಯ ಆಮ್ಲಜನಕ, ಓಝೋನ್, ಬಿಸಿಲು ಇವೆಲ್ಲ ಸೇರಿ ರಬ್ಬರನ್ನು ಗಟ್ಟಿ ಮಾಡುತ್ತವೆ. ಬಿರುಕು ಬರಬಾರದೆಂದು ಕಂಪನಿಯವರು ರಬ್ಬರಿನೊಳಗೆ ಒಂದು ಬಗೆಯ ಮೇಣ ಸೇರಿಸಿರುತ್ತಾರೆ. ಟಯರು ಓಡುತ್ತ ಮಡಿಚಿ ಬಿಚ್ಚುತ್ತಿದ್ದರೆ ಆ ಮೇಣ ನಿಧಾನಕ್ಕೆ ಹೊರಗೆ ಬಂದು ಮೇಲ್ಮೈಗೆ ತೆಳುವಾಗಿ ಹರಡಿಕೊಳ್ಳುತ್ತದೆ. ನಿಂತ ಟಯರಿಗೆ ಆ ಭಾಗ್ಯ ಇಲ್ಲ. ಓಡಿಸದೆ ಇಟ್ಟ ಟಯರು ಹೊಸದಾಗಿಯೇ ಉಳಿಯುತ್ತದೆ ಎಂಬ ನಂಬಿಕೆ ತಲೆಕೆಳಗು.

ವಯಸ್ಸು ಗೊತ್ತಾಗುವುದು ಹೇಗೆ? ಅದು ಟಯರಿನ ಮೇಲೆಯೇ ಬರೆದಿದೆ. ನಿಮ್ಮ ಅಂಗಳದಲ್ಲಿ ಟ್ರಾಲಿಯೋ ಪಿಕಪ್ಪೋ ಇದ್ದರೆ ಈಗಲೇ ಹೋಗಿ ನೋಡಬಹುದು, ಫೋನಿನ ಟಾರ್ಚು ಹಾಕಿಕೊಳ್ಳಿ. ಬದಿಯಲ್ಲಿ ಒಂದು ಉದ್ದನೆಯ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. ಮೊದಲಿನ ಎರಡು ವಾರ, ಕೊನೆಯ ಎರಡು ವರ್ಷ. 2319 ಎಂದಿದ್ದರೆ 2019ರ ಇಪ್ಪತ್ಮೂರನೇ ವಾರ ಮಾಡಿದ ಟಯರು. ಕೆಲವದರಲ್ಲಿ ಇದು ಒಂದೇ ಬದಿಯಲ್ಲಿರುತ್ತದೆ. ಹೊರಗೆ ಕಾಣದಿದ್ದರೆ ಟ್ರಾಲಿಯ ಅಡಿಗೆ ತೂರಿ ಒಳಬದಿ ನೋಡಬೇಕು. ನಾವು ಹಾಗೆ ತೂರಿ, ಒದ್ದೆ ಬಟ್ಟೆಯಲ್ಲಿ ಕೆಸರು ಒರೆಸಿ ನೋಡಿದಾಗ ಒಂದರಲ್ಲಿ 3813, ಇನ್ನೊಂದರಲ್ಲಿ 0714 ಸಿಕ್ಕಿತು. ಹನ್ನೆರಡು ವರ್ಷ, ಹತ್ತಿರ ಹತ್ತಿರ ಹನ್ನೆರಡು ವರ್ಷ. ಟ್ರಾಲಿ ನಮ್ಮ ಮನೆಗೆ ಬಂದದ್ದೇ ಅವೆರಡರ ಜತೆ. ಮಿಶೆಲಿನ್‌ನಂಥ ಕಂಪನಿಗಳು ಹೇಳುವುದು ಇಷ್ಟು: ಬಳಸಲು ಶುರುಮಾಡಿ ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಗೊತ್ತಿದ್ದವರಿಂದ ನೋಡಿಸಿ, ಮಾಡಿ ಹತ್ತು ವರ್ಷವಾಗಿದ್ದರೆ ಗ್ರಿಪ್ ಇದ್ದರೂ ತೆಗೆಯಿರಿ.

ಆ ದಿನ ರಾತ್ರಿ ಬಾವನಿಗೆ ಬಿರುಕಿನ ಫೋಟೋ ಕಳಿಸಿದೆವು. ಬಾವ ದಮ್ಮಾಮಿನಲ್ಲಿ ದೊಡ್ಡ ಟ್ರೈಲರ್ ಓಡಿಸುತ್ತಾರೆ, ನಮ್ಮ 66ನೇ ಹೆದ್ದಾರಿಯಲ್ಲಿ ಸಂತೆಕಟ್ಟೆ ದಾಟಿ ಸುವರ್ಣೆಯ ಸೇತುವೆ ಹತ್ತುವ ಕಂಟೇನರ್ ಗಾಡಿಗಳ ಹಾಗಿನದು. ಮುಂದಿನ ಎಂಜಿನ್ ಭಾಗವನ್ನು ಅವರು ‘ಕುದುರೆ’ ಎನ್ನುತ್ತಾರೆ. ಅದರ ಬೆನ್ನ ಮೇಲೆ ಗ್ರೀಸು ಬಳಿದ ಒಂದು ದಪ್ಪ ಕಬ್ಬಿಣದ ತಟ್ಟೆ ಇರುತ್ತದಲ್ಲ, ಟ್ರೈಲರಿನ ಕೆಳಗಿನ ಗೂಟ ಅದರ ಸೀಳಿನೊಳಗೆ ಕೂತು ಲಾಕ್ ಆಗುತ್ತದೆ. ಆ ತಟ್ಟೆಗೆ ಐದನೇ ಚಕ್ರ ಎಂದೇ ಹೆಸರು. ಹಿಂದೆ ಕುದುರೆಗಾಡಿಗಳಲ್ಲಿ ಮುಂದಿನ ಅಚ್ಚು ತಿರುಗಲೆಂದು ಅಡ್ಡಲಾಗಿ ಒಂದು ಚಕ್ರ ಕೂರಿಸುತ್ತಿದ್ದರು, ಹೆಸರು ಅಲ್ಲಿಂದ ಬಂದದ್ದು. ಅಮೆರಿಕದಲ್ಲಿ ಮನೆಯಷ್ಟು ದೊಡ್ಡ ಗಾಡಿಯನ್ನು, ಅಡುಗೆಮನೆ ಮಂಚ ಎಲ್ಲ ಇರುವಂಥದ್ದನ್ನು, ಪಿಕಪ್ಪಿನ ಬೆನ್ನಿಗೆ ಇದೇ ರೀತಿ ಸಿಕ್ಕಿಸಿಕೊಂಡು ಊರೂರು ತಿರುಗುತ್ತಾರಂತೆ. ಅಂಥ ಗಾಡಿಗೆ ಟ್ರೈಲರಿಗೆಂದೇ ಮಾಡಿದ ಟಯರು ಸಿಗುತ್ತದೆ, ಅಳತೆಯ ಮೊದಲು ‘ಎಸ್‌ಟಿ’ ಎಂಬ ಅಕ್ಷರ ಇರುತ್ತದೆ. ಅವರ ಕಷ್ಟವೂ ನಮ್ಮದೇ: ವರ್ಷದಲ್ಲಿ ಹೆಚ್ಚು ದಿನ ಗಾಡಿ ನಿಂತಿರುತ್ತದೆ, ಟಯರು ಹೊಸದರಂತೆ ಕಾಣುತ್ತದೆ, ಒಂದು ದಿನ ತುಂಬಿದ ಗಾಡಿ ಬಿಸಿಲಲ್ಲಿ ಹೊರಟಾಗ ಕಿತ್ತು ಹೋಗುತ್ತದೆ.

ಬಾವನ ಉತ್ತರ ಬಂದದ್ದು ಆಡಿಯೋದಲ್ಲಿ, ಹಿಂದೆ ಎಂಜಿನ್ನಿನ ಸದ್ದು. “ಟಯರು ಸಾಯುವುದು ಬಿಸಿಯಿಂದ. ಮುಳ್ಳಿನಿಂದ ಅಲ್ಲ. ಭಾರ ಹೆಚ್ಚಾದರೂ ಗಾಳಿ ಕಡಿಮೆಯಾದರೂ ಬದಿ ಹೆಚ್ಚು ಮಡಿಚುತ್ತದೆ, ಮಡಿಚಿದಷ್ಟು ಬಿಸಿ. ಮೊದಲು ನಿಮ್ಮ ಟ್ರಾಲಿಯ ತೂಕ ಹಾಕಿಸಿ. ತೂಕ ಗೊತ್ತಿಲ್ಲದೆ ಟಯರ್ ತೆಗೆಯುವುದು ಕಾಲಿನ ಅಳತೆ ಇಲ್ಲದೆ ಚಪ್ಪಲಿ ತೆಗೆದ ಹಾಗೆ.”

ತೂಕದ ಮಾತು ನಮಗೆ ಹೊಳೆದಿರಲಿಲ್ಲ. ಐದು ಟನ್ನಿನ ಟ್ರಾಲಿ ಎನ್ನುವುದು ನಾವು ಬಾಯಲ್ಲಿ ಹೇಳುವ ಲೆಕ್ಕ. ಒಂದು ಮುರಕಲ್ಲನ್ನು ಅಡಿಕೆ ತೂಗುವ ತಕ್ಕಡಿಯಲ್ಲಿಟ್ಟೆವು, 32 ಕೆ.ಜಿ. ಬಂತು. ಮಳೆಯಲ್ಲಿ ನೆನೆದ ಕಲ್ಲಾದರೆ ಇನ್ನೂ ಹೆಚ್ಚು. ನಾವು ಒಂದು ಟ್ರಿಪ್ಪಿಗೆ ತುಂಬುವುದು 150 ಕಲ್ಲು, ಅಂದರೆ 4,800 ಕೆ.ಜಿ. ಖಾಲಿ ಟ್ರಾಲಿ ವೇಬ್ರಿಜ್ಜಿನಲ್ಲಿ 1,480 ತೂಗಿತು. ಒಟ್ಟು 6,280. ಇದರಲ್ಲಿ ಒಂದಿಷ್ಟು ಭಾರ ಕೊಂಡಿಯ ಮೂಲಕ ಟ್ರ್ಯಾಕ್ಟರಿನ ಮೇಲೆ ಬೀಳುತ್ತದೆ. ಎಷ್ಟು ಎಂದು ತಿಳಿಯಲು ಕಲ್ಲು ತುಂಬಿದ ಟ್ರಾಲಿಯ ಚಕ್ರ ಮಾತ್ರ ವೇಬ್ರಿಜ್ಜಿನ ಮೇಲಿರುವಂತೆ, ಟ್ರ್ಯಾಕ್ಟರ್ ಹೊರಗಿರುವಂತೆ ನಿಲ್ಲಿಸಿ ಇನ್ನೊಮ್ಮೆ ತೂಗಿಸಿದೆವು. ಚೀಟಿಯಲ್ಲಿ ಬಂದದ್ದು 5,640. ಎರಡು ಟಯರಿಗೆ ಹಂಚಿದರೆ ಒಂದೊಂದಕ್ಕೆ 2,820 ಕೆ.ಜಿ. ಅದೂ ರಸ್ತೆ ಸಮ ಇದ್ದರೆ. ಗದ್ದೆಯ ಬದಿಯ ದಾರಿಯಲ್ಲಿ ಟ್ರಾಲಿ ಒಂದು ಕಡೆ ವಾಲಿದಾಗ ಆ ಕಡೆಯ ಟಯರು ಅದಕ್ಕಿಂತ ಹೆಚ್ಚು ಹೊರಬೇಕು.

ಇನ್ನು ಟಯರಿನ ಮೇಲಿನ ಉಳಿದ ಬರಹ. ನಮ್ಮದು 10.00-20. ಮೊದಲಿನದು ಟಯರಿನ ದಪ್ಪ, ಇಂಚಿನಲ್ಲಿ. ಎರಡನೆಯದು ರಿಮ್ಮಿನ ಅಳತೆ. ಅದರ ಪಕ್ಕ 16ಪಿಆರ್ ಎಂದಿರುತ್ತದೆ. ಅಂಗಡಿಯವರು ಇದನ್ನು ಹದಿನಾರು ಪ್ಲೈ ಎನ್ನುತ್ತಾರೆ. ಒಳಗೆ ಲೆಕ್ಕಕ್ಕೆ ಸರಿಯಾಗಿ ಹದಿನಾರು ಪದರ ಬಟ್ಟೆ ಇದೆ ಎಂದರ್ಥವಲ್ಲ. ಹಿಂದೆ ಹತ್ತಿಯ ನೂಲಿನ ಕಾಲದಲ್ಲಿ ಅಷ್ಟು ಪದರ ಎಷ್ಟು ಗಟ್ಟಿಯೋ ಅಷ್ಟು ಗಟ್ಟಿ ಎಂದು. ಇವೆಲ್ಲಕ್ಕಿಂತ ಮುಖ್ಯವಾದದ್ದು, ಯಾರೂ ಕಣ್ಣೆತ್ತಿ ನೋಡದ್ದು, 146/143 ಎಂಬಂಥ ಜೋಡಿ ಅಂಕಿ. ಅದು ಭಾರದ ಸಂಕೇತ. 146 ಎಂದರೆ 3,000 ಕೆ.ಜಿ., 143 ಎಂದರೆ 2,725. ಒಂದು ಬದಿಗೆ ಒಂದೇ ಟಯರಿದ್ದರೆ ಮೊದಲಿನ ಅಂಕಿ, ಲಾರಿಯ ಹಿಂದಿನ ಹಾಗೆ ಜೋಡಿ ಟಯರಿದ್ದರೆ ಎರಡನೆಯದು. ನಮ್ಮ 2,820ಕ್ಕೆ 146 ಸರಿ, ಅದೂ ಗಾಳಿ ಪೂರ್ತಿ ಇದ್ದರೆ.

ಇದು ಗೊತ್ತಿದ್ದ ಕಾರಣ ಮೊದಲ ಅಂಗಡಿಯಿಂದ ಬರಿಗೈಯಲ್ಲಿ ಬಂದೆವು. ಅಲ್ಲಿಯವರು, “ಟ್ರಾಲಿಗಲ್ವಾ, 9.00-20 ಹಾಕಿ, ಸಾಕು, ಎಷ್ಟೋ ಉಳಿಯುತ್ತದೆ” ಎಂದರು. ತೋರಿಸಿದ ಟಯರಿನಲ್ಲಿ 140 ಎಂದಿತ್ತು. 140ಕ್ಕೆ 2,500 ಕೆ.ಜಿ. ಎರಡು ಸೇರಿ 5,000. ನಮ್ಮ ಚೀಟಿಯಲ್ಲಿ 5,640. ಅಣ್ಣ ಚೀಟಿ ತೆಗೆದು ತೋರಿಸಿದ್ದಕ್ಕೆ, “ಟ್ರ್ಯಾಕ್ಟರ್ ನಿಧಾನ ಹೋಗುವುದಲ್ವಾ” ಎಂದರು. ಮಾತು ಪೂರ್ತಿ ಸುಳ್ಳಲ್ಲ, ವೇಗ ಕಡಿಮೆಯಾದಷ್ಟು ಟಯರು ಸ್ವಲ್ಪ ಹೆಚ್ಚು ಭಾರ ತಡೆಯುತ್ತದೆ. ಆದರೆ ಆ ಉಳಿಕೆಯನ್ನು ಹೊಂಡಗಳು ತಿನ್ನುತ್ತವೆ. ತುಂಬಿದ ಟ್ರಾಲಿ ಹೊಂಡಕ್ಕೆ ಇಳಿದು ಏಳುವ ಹೊತ್ತಿನಲ್ಲಿ ಟಯರಿನ ಮೇಲೆ ಬೀಳುವ ಹೊಡೆತ ಯಾವ ಚೀಟಿಯಲ್ಲೂ ಬರುವುದಿಲ್ಲ.

ಎರಡನೇ ಅಂಗಡಿಯದ್ದು ಬೇರೆಯೇ ಕಥೆ. ಲಾರಿಯಿಂದ ಕಳಚಿದ ಟಯರು, ಕಪ್ಪು ಪಾಲಿಶ್ ಹೊಡೆದು ಸಾಲಾಗಿ ನಿಲ್ಲಿಸಿದ್ದರು, ಮದುವೆ ಛತ್ರದ ಕುರ್ಚಿಗಳ ಹಾಗೆ. ಒಳ್ಳೆಯ ಗ್ರಿಪ್ಪು, ಹೊಸದರ ಕಾಲು ಭಾಗ ಬೆಲೆ. ಚೌಕಟ್ಟು ಹುಡುಕಿದೆವು. ನಾಲ್ಕು ಅಂಕಿ ಇರಬೇಕಾದಲ್ಲಿ ಉಜ್ಜಿ ನುಣ್ಣಗೆ ಮಾಡಿದ್ದರು. “ಅದೆಲ್ಲ ಓಡಿ ಓಡಿ ಅಳಿಸಿ ಹೋಗುತ್ತದೆ” ಎಂದರು ಅಂಗಡಿಯವರು. ಬದಿ ರಸ್ತೆಗೆ ತಾಗುವುದಿಲ್ಲವಲ್ಲ ಎಂದು ಕೇಳಿದ್ದಕ್ಕೆ ಅವರು ಫೋನು ತೆಗೆದು ಬೇರೆ ಕಡೆ ಮಾತಾಡಲು ಶುರುಮಾಡಿದರು. ಅಂಗಡಿಯ ಹೆಸರು ಇಲ್ಲಿ ಬೇಡ. ಅಂಕಿ ಕಾಣದ ಟಯರು ಮನೆಗೆ ಬೇಡ ಎಂದು ಅಲ್ಲೇ ತೀರ್ಮಾನಿಸಿದೆವು.

ರಿಸೋಲ್ ಟಯರಿನ ಬಗ್ಗೆ ಮಾತ್ರ ನಮ್ಮ ಅಭಿಪ್ರಾಯ ಊರಿನ ಅಭಿಪ್ರಾಯದ ಹಾಗಿಲ್ಲ. ಹಳೆ ಟಯರಿಗೆ ಹೊಸ ಗ್ರಿಪ್ ಅಂಟಿಸಿದ್ದು ಎಂದು ತುಂಬಾ ಮಂದಿ ಮೂಗು ಮುರಿಯುತ್ತಾರೆ. ದಿನಾ ಓಡುವ ಲಾರಿಯ ಟಯರಿನ ಗ್ರಿಪ್ ಒಂದೆರಡು ವರ್ಷದಲ್ಲಿ ಸವೆದಿರುತ್ತದೆ, ಆದರೆ ಒಳಗಿನ ಬಟ್ಟೆ, ತಂತಿ, ಬದಿ ಎಲ್ಲ ಗಟ್ಟಿಯಿರುತ್ತದೆ. ಅಂಥದ್ದಕ್ಕೆ ಒಳ್ಳೆಯ ಕಡೆ ರಿಸೋಲ್ ಮಾಡಿಸುವುದು ಜಾಣತನ. ಮುಂದಿನ ಚಕ್ರ ಬಿಟ್ಟು ಹಿಂದಿನದಕ್ಕೆ ಎಷ್ಟೋ ಲಾರಿಯವರು ಹಾಕುವುದೂ ಅದನ್ನೇ. ನಮ್ಮ ಟ್ರಾಲಿಯ ಸಮಸ್ಯೆ ಇದರ ತಿರುವುಮುರುವು: ಗ್ರಿಪ್ ಇದೆ, ಕವಚ ಮುದಿಯಾಗಿದೆ. ಮುದಿ ಕವಚಕ್ಕೆ ಹೊಸ ಗ್ರಿಪ್ ಹಾಕಿ ಏನು ಮಾಡುವುದು?

ನೈಲಾನೋ ರೇಡಿಯಲ್ಲೋ ಎಂಬ ಪ್ರಶ್ನೆಗೂ ಒಂದು ಸಂಜೆ ಹೋಯಿತು. ರೇಡಿಯಲ್ ಟಯರಿನಲ್ಲಿ ಉಕ್ಕಿನ ಎಳೆಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರ ಹೋಗುತ್ತವೆ, ಬದಿ ಮೆದು, ಓಡುವಾಗ ಕಡಿಮೆ ಬಿಸಿಯಾಗುತ್ತದೆ, ಡೀಸೆಲೂ ಸ್ವಲ್ಪ ಉಳಿಯುತ್ತದೆ. ಬಾವನಿಗೆ ಅದೇ ಬೇಕು, ದಿನಕ್ಕೆ ಐನೂರು ಆರುನೂರು ಕಿಲೋಮೀಟರು ಮರುಭೂಮಿಯಲ್ಲಿ. ನೈಲಾನ್ ಟಯರಿನಲ್ಲಿ ಎಳೆಗಳು ಓರೆಯಾಗಿ ಒಂದರ ಮೇಲೊಂದು ಹೆಣೆದುಕೊಂಡಿರುತ್ತವೆ, ಬದಿಯೂ ದಪ್ಪ. ಕಲ್ಲುಕೋರೆಯ ಒಳಗೆ ಟ್ರಾಲಿ ಹಿಂದೆ ತೆಗೆಯುವಾಗ ಚೂಪು ಕಲ್ಲು ಉಜ್ಜುವುದು ಬದಿಗೇ. ಗಂಟೆಗೆ ಇಪ್ಪತ್ತು ಕಿಲೋಮೀಟರಿನಲ್ಲಿ ಹೋಗುವ ನಮಗೆ ಬಿಸಿಗಿಂತ ಗಾಯದ ಭಯ ಹೆಚ್ಚು. ನೈಲಾನ್ ಎಂದು ಮುಗಿಸಿದೆವು. ಯಾವುದಾದರೂ ಆಗಬಹುದು, ಒಂದೇ ಅಚ್ಚಿಗೆ ಒಂದು ನೈಲಾನ್ ಒಂದು ರೇಡಿಯಲ್ ಮಾತ್ರ ಬೇಡ, ಎರಡರ ಮಡಿಚುವ ಗುಣ ಬೇರೆ.

ಅಂದ ಹಾಗೆ, ಭಾರ ಹೊರುವ ಟಯರಿನಲ್ಲಿ ಮರದ ರಬ್ಬರಿನ ಪಾಲು ಕಾರಿನ ಟಯರಿಗಿಂತ ಹೆಚ್ಚಿರುತ್ತದೆ, ಯಾಕೆಂದರೆ ಕಾರ್ಖಾನೆಯ ರಬ್ಬರಿಗಿಂತ ಅದು ಕಡಿಮೆ ಬಿಸಿಯಾಗುತ್ತದೆ. ಕಾರ್ಕಳ, ಸುಳ್ಯದ ಕಡೆ ಹೋದರೆ ಅಂಗಳದಲ್ಲಿ ಬಟ್ಟೆಯ ಹಾಗೆ ನೇತುಹಾಕಿದ ರಬ್ಬರ್ ಶೀಟು ಕಾಣುತ್ತದಲ್ಲ, ಅಂಥದ್ದೇ ಯಾವುದೋ ಟಯರಾಗಿ ನಮ್ಮ ಕಲ್ಲು ಹೊರುತ್ತಿರಲೂಬಹುದು.

ಇಷ್ಟೆಲ್ಲ ಮಾತು ನಡೆಯುವಾಗ ಅಮ್ಮ ದೂರದಲ್ಲಿ ಬೀಡಿ ಎಲೆ ಕತ್ತರಿಸುತ್ತ ಕೂತಿದ್ದರು. ದುಡ್ಡಿನ ಲೆಕ್ಕ ಬಂದಾಗ ಬಾಯಿ ತೆರೆದರು. “ಆ ಕಲ್ಲಿನ ಮೇಲೆ ಕೂತುಕೊಂಡು ಬರುವವರು ಯಾರು?”

ಯಾರೂ ಉತ್ತರ ಕೊಡಲಿಲ್ಲ. ಬರುವವರು ಕೊಪ್ಪಳ ಕಡೆಯ ಇಬ್ಬರು ಹುಡುಗರು. ಕಲ್ಲು ತುಂಬುವುದು, ಇಳಿಸುವುದು ಅವರ ಕೆಲಸ. ತುಂಬಿದ ಮೇಲೆ ಅದರ ಮೇಲೆಯೇ ಹತ್ತಿ ಕೂತು ಬರುತ್ತಾರೆ, ಒಬ್ಬ ಎಡ ಚಕ್ರದ ನೇರಕ್ಕೆ, ಒಬ್ಬ ಬಲ ಚಕ್ರದ ನೇರಕ್ಕೆ. ಊರಿನ ಎಲ್ಲ ಟ್ರಾಲಿಗಳಲ್ಲೂ ಹೀಗೇ. ಟ್ರಾಲಿಯಲ್ಲಿ ಜನ ಕೂರಿಸಬಾರದು ಎಂಬ ಕಾನೂನು ಎಲ್ಲರಿಗೂ ಗೊತ್ತು, ನಾಟಿಗೆ ಹೆಂಗಸರನ್ನು ಕರೆದುಕೊಂಡು ಹೋಗುವುದೂ ಟ್ರಾಲಿಯಲ್ಲೇ. ನೂರು ಪೌಂಡಿನ ಮೇಲೆ ಗಾಳಿ ತುಂಬಿದ ಟಯರು ಓಡುವಾಗ ಒಡೆದರೆ ಆ ಬದಿ ಒಮ್ಮೆಲೇ ಅರ್ಧ ಅಡಿಗಿಂತ ಹೆಚ್ಚು ಕುಸಿಯುತ್ತದೆ. ಕಲ್ಲೂ ಹುಡುಗನೂ ಅದೇ ಕಡೆಗೆ ಜಾರುತ್ತಾರೆ, ಮೊದಲು ಹುಡುಗ, ಅವನ ಮೇಲೆ ಕಲ್ಲು. ಅಮ್ಮ ಇದನ್ನೆಲ್ಲ ಬಿಡಿಸಿ ಹೇಳಲಿಲ್ಲ. ಎಲೆ ಕತ್ತರಿಸುವುದನ್ನು ನಿಲ್ಲಿಸಿ ಒಳಗೆ ಹೋಗಿ ಸ್ವಸಹಾಯ ಸಂಘದ ಪಾಸ್‌ಬುಕ್ ತಂದು ಮೇಜಿನ ಮೇಲಿಟ್ಟರು.

ಮರುದಿನ ಅಣ್ಣ ಆ ಹುಡುಗರಿಗೆ ಇನ್ನು ಮೇಲೆ ಕಲ್ಲಿನ ಮೇಲೆ ಕೂರುವುದು ಬೇಡ ಎಂದ. “ಏನಾಗಂಗಿಲ್ರಿ, ದಿನಾ ಕುಂತ ಬರ್ತೀವಲ್ಲ” ಎಂದು ನಕ್ಕರು. ಈಗ ಅವರಿಬ್ಬರೂ ನಮ್ಮ ಹಳೆ ಬೈಕಿನಲ್ಲಿ ಟ್ರಾಲಿಯ ಹಿಂದಿನಿಂದ ಬರುತ್ತಾರೆ. ಪೆಟ್ರೋಲು ನಮ್ಮದು. ಟ್ರಿಪ್ಪಿನ ಲೆಕ್ಕದಲ್ಲಿ ಅದಕ್ಕೊಂದು ಹೊಸ ಸಾಲು ಬಂದಿದೆ.

ಮೂರನೇ ಅಂಗಡಿ ಉಡುಪಿಯಲ್ಲಿ. ಅಳತೆ, ಪ್ಲೈ, 146 ಎಲ್ಲ ಹೇಳಿದೆವು. ಒಳಗಿನಿಂದ ಉರುಳಿಸಿ ತಂದ ಟಯರಿನ ಮೇಲೆ ಇನ್ನೂ ಕಾಗದದ ಪಟ್ಟಿ ಇತ್ತು, ಅಂಕಿ ನೋಡಿದರೆ 1122. ಮೂರು ವರ್ಷ ಗೋಡೌನಿನಲ್ಲಿ ಕೂತದ್ದು. ಇದು ಮೋಸ ಅಲ್ಲ, ನೆರಳಲ್ಲಿ ಸರಿಯಾಗಿ ಇಟ್ಟಿದ್ದರೆ ಬಳಸಬಹುದು. ಆದರೆ ಗ್ರಿಪ್ ಸವೆಯುವ ಮೊದಲು ವಯಸ್ಸಿನಿಂದಲೇ ಹೋಗುವ ಟಯರಿಗೆ ಆ ಮೂರು ವರ್ಷ ನಮ್ಮ ದುಡ್ಡು. ಈಚಿನದು ಬೇಕು ಎಂದೆವು. ಅಂಗಡಿಯಾತ ಬೇಸರಿಸಲಿಲ್ಲ, ಎರಡು ದಿನ ಬಿಟ್ಟು ಬನ್ನಿ ಎಂದ. ಎರಡು ದಿನ ಬಿಟ್ಟು ಹೋದಾಗ ಎರಡೂ 2025ರವು, ಒಂದೇ ತಿಂಗಳಿನವು.

ಟ್ಯೂಬು, ಫ್ಲಾಪು ಹೊಸತೇ ಹಾಕಿಸಿ. ಹಳೆ ಟ್ಯೂಬು ಹಳೆ ಟಯರಿನೊಳಗೆ ಹಿಗ್ಗಿರುತ್ತದೆ, ಹೊಸದರೊಳಗೆ ಅದು ಮಡಿಕೆ ಬಿದ್ದು ಅಲ್ಲೇ ತೂತಾಗುತ್ತದೆ. ಬಿಲ್ ಕೇಳಿ ಪಡೆದುಕೊಳ್ಳಿ, ಬಿಲ್ ಇಲ್ಲದೆ ಗ್ಯಾರಂಟಿ ಕೇಳುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಟಯರಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ, ಟ್ರ್ಯಾಕ್ಟರ್ ಟಯರಿಗೆ ಶೇಕಡಾ 5. ಟ್ರಾಲಿಗೆ ಹಾಕಿದ್ದು ಲಾರಿ ಅಳತೆಯದಾದ್ದರಿಂದ ನಮ್ಮ ಬಿಲ್ಲಿನಲ್ಲಿ 18 ಇತ್ತು.

ಟಯರು ಬಂದರೆ ಕೆಲಸ ಮುಗಿಯಿತು ಎಂದುಕೊಂಡಿದ್ದೆವು. ಪಂಕ್ಚರ್ ಅಂಗಡಿಯ ಹಿರಿಯರು ಹೊಸ ಟಯರನ್ನು ಮುಟ್ಟಲೂ ಇಲ್ಲ, ಮೊದಲು ರಿಮ್ ಕೇಳಿದರು. ಈ ಅಳತೆಯ ಟ್ಯೂಬ್ ಟಯರಿನ ರಿಮ್ಮು ಒಂದೇ ತುಂಡಲ್ಲ. ಒಂದು ಬದಿಯಲ್ಲಿ ಕಬ್ಬಿಣದ ಬಳೆ ಇರುತ್ತದೆ, ಅದನ್ನು ಬಡಿದು ಸೀಳಿನೊಳಗೆ ಕೂರಿಸಬೇಕು. ಅದಕ್ಕೆ ಲಾಕ್ ರಿಂಗ್ ಎನ್ನುತ್ತಾರೆ. ಟಯರಿನೊಳಗಿನ ಅಷ್ಟೂ ಗಾಳಿಯನ್ನು ಹಿಡಿದು ನಿಲ್ಲಿಸುವುದು ಆ ಬಳೆಯೇ. ಸೀಳಿಗೆ ತುಕ್ಕು ಹಿಡಿದಿದ್ದರೆ ಬಳೆ ಕೂತ ಹಾಗೆ ಕಾಣುತ್ತದೆ, ಕೂತಿರುವುದಿಲ್ಲ. ಗಾಳಿ ತುಂಬುತ್ತಿದ್ದ ಹಾಗೆ ಅದು ಸಿಡಿದು ಬಂದರೆ ಎದುರು ನಿಂತವರು ಉಳಿಯುವುದು ಕಷ್ಟ. ಈ ಕೆಲಸದಲ್ಲಿ ಜೀವ ಹೋದವರು ದೇಶದ ಎಲ್ಲ ಕಡೆ ಇದ್ದಾರೆ, ಹೆಚ್ಚಿನವರು ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗರು.

ನಮ್ಮದು ಹೊಳೆ ಸಮುದ್ರ ಸೇರುವ ಜಾಗ. ಹೂಡೆಯ ಕಡೆ ಹೋಗಿ ಬಂದ ಟ್ರಾಲಿಗೆ ಉಪ್ಪುಗಾಳಿ, ಉಪ್ಪುನೀರು ಎರಡೂ ತಾಗಿರುತ್ತದೆ. ಹಿರಿಯರು ತಂತಿ ಬ್ರಷ್ಷಿನಲ್ಲಿ ಉಜ್ಜುತ್ತಿದ್ದ ಹಾಗೆ ಒಂದು ರಿಮ್ಮಿನ ಸೀಳಿನಿಂದ ತುಕ್ಕು ಹಪ್ಪಳದ ಹಾಗೆ ಎದ್ದು ಬಂತು. ಸ್ಕ್ರೂಡ್ರೈವರಿನ ತುದಿ ಒತ್ತಿದರೆ ಒಳಗೆ ಹೋಯಿತು. “ಇದನ್ನು ಗುಜರಿಗೆ ಹಾಕು. ವೆಲ್ಡಿಂಗ್ ಮಾಡಿಸಿಕೊಂಡು ಬಂದರೂ ನಾನು ಮುಟ್ಟುವುದಿಲ್ಲ” ಎಂದರು. ಇನ್ನೊಂದು ರಿಮ್ಮು ಗಟ್ಟಿಯಿತ್ತು, ಅದಕ್ಕೆ ಉಜ್ಜಿ ರೆಡ್‌ಆಕ್ಸೈಡ್ ಹೊಡೆದು ಒಂದು ರಾತ್ರಿ ಒಣಗಿಸಿದೆವು. ಹೀಗೆ ಟಯರಿಗೆಂದು ಹೊರಟ ಲೆಕ್ಕಕ್ಕೆ ಒಂದು ಹೊಸ ರಿಮ್ಮೂ ಸೇರಿ ಒಟ್ಟು ನಲವತ್ತಾರು ಸಾವಿರ ಆಯಿತು. ಸಂಘದ ಕಂತು ಹದಿನೆಂಟು ತಿಂಗಳು.

ಅವರು ಗಾಳಿ ತುಂಬಿದ ರೀತಿ ನೋಡಬೇಕಿತ್ತು. ಟಯರನ್ನು ಬಳೆಯ ಮುಖ ಕೆಳಗಾಗಿ ನೆಲಕ್ಕೆ ಮಲಗಿಸಿ, ಅದರ ಮೇಲಿಂದ ದಪ್ಪ ಸರಪಳಿ ಸುತ್ತಿ ಬಿಗಿದು, ನಳಿಕೆಗೆ ಕ್ಲಿಪ್ ಹಾಕಿ, ಉದ್ದನೆಯ ಪೈಪಿನ ಇನ್ನೊಂದು ತುದಿಯಲ್ಲಿ ಗೋಡೆಯ ಆಚೆ ನಿಂತರು. ಸ್ವಲ್ಪ ತುಂಬಿಸಿ ನಿಲ್ಲಿಸಿ ಬಳೆ ಸುತ್ತಲೂ ಸಮ ಕೂತಿದೆಯೇ ನೋಡಿದರು. ಓರೆ ಇದೆ ಅನಿಸಿದಾಗ ಸುತ್ತಿಗೆ ಎತ್ತಲಿಲ್ಲ, ಗಾಳಿ ಪೂರ್ತಿ ಬಿಟ್ಟು ಮತ್ತೆ ಮೊದಲಿನಿಂದ ಕೂರಿಸಿದರು. ಗಾಳಿ ಇರುವಾಗ ಬಳೆಗೆ ಹೊಡೆಯುವುದಕ್ಕಿಂತ ಹಾವಿನ ಬಾಲಕ್ಕೆ ಹೊಡೆಯುವುದು ಮೇಲಂತೆ. ನಮ್ಮನ್ನೆಲ್ಲ ರಸ್ತೆಯ ಆಚೆ ಬದಿಗೆ ಕಳಿಸಿದ್ದರು. ಎರಡು ಟಯರಿಗೆ ಅವರು ತೆಗೆದುಕೊಂಡದ್ದು ಆರುನೂರು ರೂಪಾಯಿ.

ಮೊದಲ ಟ್ರಿಪ್ಪು ಮುಗಿಸಿ ಬಂದ ಮೇಲೆ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಬೇಕೆಂದೂ ಹೇಳಿದ್ದರು. ಹೊಸ ಬಣ್ಣ ಹೊಡೆದ ರಿಮ್ಮು ಭಾರ ಬಿದ್ದಾಗ ಕೂತುಕೊಳ್ಳುತ್ತದೆ, ನಟ್ಟು ಸಡಿಲವಾಗುತ್ತದೆ. ಅಣ್ಣ ಪಾನಾ ಹಾಕಿದಾಗ ಮೂರು ನಟ್ಟು ಕಾಲು ಸುತ್ತು ತಿರುಗಿದವು. ಬಾವನ ಕಡೆಯಿಂದ ಬಂದ ಇನ್ನೊಂದು ಅಭ್ಯಾಸ, ನಿಲ್ಲಿಸಿದಾಗಲೆಲ್ಲ ಹಬ್ಬಿಗೂ ಟಯರಿನ ಬದಿಗೂ ಅಂಗೈ ತಾಗಿಸಿ ನೋಡುವುದು. ಒಂದು ಕಡೆ ಇನ್ನೊಂದಕ್ಕಿಂತ ಬಿಸಿ ಇದ್ದರೆ ಅಲ್ಲಿ ಗಾಳಿ ಕಡಿಮೆಯಾಗಿದೆ, ಇಲ್ಲವೇ ಬೇರಿಂಗ್ ಕೇಳುತ್ತಿದೆ. ಗಾಳಿ ನೋಡುವುದು ಬೆಳಿಗ್ಗೆ ಹೊರಡುವ ಮೊದಲು, ಟಯರು ತಣ್ಣಗಿರುವಾಗ. ಬರುವ ಮಳೆಗಾಲಕ್ಕೆ ಟ್ರಾಲಿಯ ಅಚ್ಚಿನ ಕೆಳಗೆ ಮರದ ತುಂಡು ಕೊಟ್ಟು ಚಕ್ರ ನೆಲದಿಂದ ಎತ್ತಿಡಬೇಕು, ಬಿಸಿಲು ಬೀಳುವ ಬದಿಗೆ ಗೋಣಿ ಕಟ್ಟಬೇಕು ಎಂದು ಮಾತಾಗಿದೆ.

ಹಳೆ ಟಯರು ಎರಡನ್ನೂ ಅಂಗಳದ ಮೂಲೆಗೆ ಒರಗಿಸಿದ್ದೆವು. ಒಂದು ಭಾನುವಾರ ಪಕ್ಕದೂರಿನ ಪರಿಚಯದವರೊಬ್ಬರು ಬಂದರು. “ಗ್ರಿಪ್ ಒಳ್ಳೆದುಂಟಲ್ಲ ಮಾರಾಯ್ರೆ, ನಮ್ಮ ಗೊಬ್ಬರದ ಟ್ರಾಲಿಗೆ ಸಾಕು. ಮೂರು ಸಾವಿರ ಕೊಡ್ತೇನೆ.” ಅಣ್ಣ ಏನೂ ಹೇಳದೆ ಅವರನ್ನು ಮೂಲೆಗೆ ಕರೆದುಕೊಂಡು ಹೋಗಿ ಟಯರು ತಿರುಗಿಸಿ ತೋರಿಸಿದ. ಎರಡರ ಬದಿಯನ್ನೂ ಹಿಂದಿನ ದಿನವೇ ಗರಗಸದಲ್ಲಿ ಒಂದು ಮೊಳ ಕೊಯ್ದು ಇಟ್ಟಿದ್ದ. ಅವರು ನಾಲಿಗೆ ಕಚ್ಚಿಕೊಂಡು, ಚಹಾ ಕುಡಿದು, ತಮ್ಮ ಟ್ರಾಲಿಯ ಟಯರಿನ ನಾಲ್ಕು ಅಂಕಿ ಎಲ್ಲಿರುತ್ತದೆ ಎಂದು ಕೇಳಿಕೊಂಡು ಹೋದರು. ಕೊಯ್ದ ಟಯರೊಂದು ಈಗ ಮಲ್ಪೆಯಲ್ಲಿ ಒಂದು ಬೋಟಿನ ಬದಿಗೆ ನೇತಾಡುತ್ತಿದೆ, ದಕ್ಕೆಗೆ ತಾಗದ ಹಾಗೆ. ಇನ್ನೊಂದಕ್ಕೆ ನೀರು ನಿಲ್ಲದಂತೆ ತೂತು ಹೊಡೆದು ಅಮ್ಮ ಅದರೊಳಗೆ ಮಣ್ಣು ತುಂಬಿ ಬಸಳೆ ನೆಟ್ಟಿದ್ದಾರೆ.